ಹೊರಗಿನ ಲೀಡರ್ ಹೇಳಿದ್ರೆ ಒಳಗೆ ಓಟು ಬೀಳುತ್ತಾ? ಬ್ರೆಕ್ಸಿಟ್, ಟ್ರಂಪು, ನಮ್ಮ ಬ್ರಿಟನ್ ಡೀಲು

ಗೌರಿಬಿದನೂರು_ಹುಡುಗ ಕೇಳಿದ್ದು:

ನಮಸ್ಕಾರ ಎಲ್ರಿಗೂ. ನಾನು ಚಿಕ್ಕಬಳ್ಳಾಪುರದಲ್ಲಿ ರೂಮ್ ಮಾಡ್ಕೊಂಡು ಕೆಎಎಸ್‌ಗೆ ಓದ್ತಿದೀನಿ, ರಾತ್ರಿ ಊಟ ಆದ್ಮೇಲೆ ರೂಮಲ್ಲಿ ದಿನಾ ಇದೇ ಜಗಳ, ಅದಕ್ಕೇ ಇಲ್ಲಿ ಕೇಳ್ತಿದೀನಿ. ನನ್ನ ರೂಮ್‌ಮೇಟ್ ವಾದ ಏನಂದ್ರೆ ಈಗ ಎಲ್ಲಾ ನಡೆಯೋದು ಲೀಡರ್‌ಗಳ ದೋಸ್ತಿ ಮೇಲೆ, ಒಬ್ಬ ದೊಡ್ಡ ದೇಶದ ಪ್ರೆಸಿಡೆಂಟು ಬಂದು ನಾಲ್ಕು ಮಾತಾಡಿದ್ರೆ ಇನ್ನೊಂದು ದೇಶದ ಎಲೆಕ್ಷನ್ನೇ ತಿರುಗುತ್ತೆ, ಟ್ರೇಡ್ ಡೀಲೂ ಹಂಗೇ, ಇಬ್ರು ತಬ್ಕೊಂಡ್ರೆ ಅರ್ಧ ಕೆಲಸ ಆದಂಗೆ ಅಂತ. ನಾನಂದೆ, ಹಂಗಿದ್ರೆ 2016ರ ಏಪ್ರಿಲ್‌ನಲ್ಲಿ ಒಬಾಮ ಲಂಡನ್‌ಗೇ ಹೋಗಿ ನೀವು ಯುರೋಪಿಯನ್ ಯೂನಿಯನ್ ಬಿಟ್ರೆ ಅಮೆರಿಕ ಜೊತೆ ಡೀಲ್‌ಗೆ ಸಾಲಿನ ಕೊನೇಲಿ ನಿಲ್ಬೇಕಾಗುತ್ತೆ ಅಂತ ಹೇಳಿ ಬಂದ್ರಲ್ಲ, ಆದ್ರೂ ಎರಡೇ ತಿಂಗಳಿಗೆ 51.9 ಪರ್ಸೆಂಟ್ ಜನ ಬಿಡೋಣ ಅಂತಲೇ ಓಟ್ ಹಾಕಿದ್ರಲ್ಲೋ, ಅದೇ ಬ್ರೆಕ್ಸಿಟ್. ಅವನು ಬಿಡ್ತಾನಾ, ಟ್ರಂಪ್ ಬ್ರೆಕ್ಸಿಟ್ ಪರ ಇದ್ದ ತಾನೇ, ಗೆದ್ದಿದ್ದು ಅವನು ಹೇಳಿದ ಕಡೆಯೇ ತಾನೇ ಅಂದ. ಅಲ್ಲಿಗೆ ನನ್ನ ಬಾಯಿ ಬಂದ್.

ಇನ್ನೊಂದು ವಿಷ್ಯ. ನಾರಾಯಣ ಮೂರ್ತಿಯವ್ರು ನಮ್ಮ ಜಿಲ್ಲೆ ಶಿಡ್ಲಘಟ್ಟದಲ್ಲಿ ಹುಟ್ಟಿದವ್ರು, ಅವ್ರ ಅಳಿಯ ರಿಷಿ ಸುನಕ್ 2022ರ ಅಕ್ಟೋಬರ್‌ನಲ್ಲಿ ಬ್ರಿಟನ್ ಪ್ರಧಾನಿ ಆದಾಗ ಇಲ್ಲಿ ಎಲ್ರೂ ಇನ್ನೇನು ಇಂಡಿಯಾ ಡೀಲ್ ಆಗೇ ಹೋಯ್ತು ಅಂದ್ಕೊಂಡಿದ್ರು. ಸಹಿ ಬಿದ್ದಿದ್ದು ಮಾತ್ರ 2025ರ ಜುಲೈಲಿ, ಅಷ್ಟೊತ್ತಿಗೆ ಅವ್ರು ಕುರ್ಚಿ ಬಿಟ್ಟು ವರ್ಷ ಆಗಿತ್ತು. ಇದ್ಯಾಕೆ ಹಿಂಗಾಯ್ತು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ, ಪರೀಕ್ಷೆಗೂ ಬೇಕು, ರೂಮಲ್ಲಿ ಮರ್ಯಾದೆನೂ ಉಳಿಬೇಕು.

ಮಾಲೂರು_ಮೇಷ್ಟ್ರು:

ಮೊದಲು ಒಂದು ತಿದ್ದುಪಡಿ ಕಣಪ್ಪಾ, ನಾರಾಯಣ ಮೂರ್ತಿಯವರು ಹುಟ್ಟಿದಾಗ ಶಿಡ್ಲಘಟ್ಟ ಇದ್ದಿದ್ದು ಕೋಲಾರ ಜಿಲ್ಲೇಲಿ, 2007ರಲ್ಲಿ ನಿಮ್ಮ ಚಿಕ್ಕಬಳ್ಳಾಪುರ ಬೇರೆ ಆಯ್ತು. ಆದ್ದರಿಂದ ಅರ್ಧ ಪಾಲು ನಮಗೂ ಬರ್ಬೇಕು. ಈಗ ವಿಷಯಕ್ಕೆ ಬರೋಣ.

ನಿನ್ನ ರೂಮ್‌ಮೇಟ್ ದಿನಾಂಕ ನೋಡಿಲ್ಲ. ಬ್ರೆಕ್ಸಿಟ್ ಓಟು ನಡೆದಿದ್ದು 2016ರ ಜೂನ್ 23, ಆವತ್ತು ಟ್ರಂಪ್ ಇನ್ನೂ ಪ್ರೆಸಿಡೆಂಟೇ ಅಲ್ಲ, ಅವರ ಪಾರ್ಟಿ ಟಿಕೆಟ್ಟೂ ಅಧಿಕೃತವಾಗಿ ಕೈಗೆ ಸಿಕ್ಕಿರಲಿಲ್ಲ. ಬ್ರಿಟನ್‌ಗೆ ಅವರು ಬಂದಿದ್ದು ಓಟು ನಡೆದ ಮಾರನೇ ದಿನ, ಎಣಿಕೆ ಮುಗಿದ ಮೇಲೆ, ಅದೂ ಸ್ಕಾಟ್‌ಲೆಂಡಿನ ಟರ್ನ್‌ಬೆರಿಯಲ್ಲಿ ತಮ್ಮ ಗಾಲ್ಫ್ ಮೈದಾನದ ಓಪನಿಂಗ್‌ಗೆ. ಅಲ್ಲಿ ನಿಂತ್ಕೊಂಡು ಈ ಜನ ತಮ್ಮ ದೇಶಾನ ವಾಪಸ್ ತಗೊಂಡ್ರು ಅಂತ ಹೊಗಳಿದ್ರು, ಸ್ಕಾಟ್‌ಲೆಂಡ್ ನೋಡಿದ್ರೆ 62 ಪರ್ಸೆಂಟ್ ಯುರೋಪಲ್ಲೇ ಇರೋಣ ಅಂತ ಓಟು ಹಾಕಿತ್ತು. ಮದುವೆ ಮುಗಿದ ಮೇಲೆ ಬಂದು ಅಕ್ಷತೆ ಹಾಕಿದವರನ್ನ ಸಂಬಂಧ ಕುದುರಿಸಿದವರು ಅಂತ ಕರೆಯೋಕಾಗುತ್ತಾ?

ಒಬಾಮ ಕಥೆ ಇನ್ನೂ ಚೆನ್ನಾಗಿದೆ. ಪಕ್ಕದಲ್ಲಿ ಪ್ರಧಾನಿ ಕ್ಯಾಮರೂನ್ ನಿಂತಿದ್ರು, ಪ್ರೆಸ್‌ಮೀಟಲ್ಲಿ ಒಬಾಮ ಆ ಸಾಲಿನ ಮಾತು ಹೇಳಿದ್ರು. ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ, ಆಮೇಲೆ ಆಗಿದ್ದೂ ಹಂಗೇ, ಒಂಬತ್ತು ವರ್ಷ ಕಳೆದ್ರೂ ಬ್ರಿಟನ್‌ಗೆ ಅಮೆರಿಕ ಜೊತೆ ಪೂರ್ತಿ ಒಪ್ಪಂದ ಸಿಗಲಿಲ್ಲ. ಆದ್ರೆ ಜನಕ್ಕೆ ಕೇಳಿಸಿದ್ದು ಲೆಕ್ಕ ಅಲ್ಲ, ಬೆದರಿಕೆ. ಬಿಡೋಣ ಅನ್ನೋ ಕಡೆಯವರು ನೋಡ್ರಪ್ಪಾ ನಮ್ಮ ಮನೆ ವಿಷಯಕ್ಕೆ ಅಮೆರಿಕದವನು ಬಂದು ಗದರಿಸ್ತಿದಾನೆ, ಕ್ಯಾಮರೂನ್ ಕರೆಸಿ ಹೇಳಿಸಿದಾನೆ ಅಂತ ಊರೆಲ್ಲಾ ಸಾರಿದ್ರು. ಬೋರಿಸ್ ಜಾನ್ಸನ್ ಅಂತೂ ಪೇಪರಲ್ಲಿ ಒಬಾಮನ ಕೀನ್ಯಾ ಮೂಲಾನೇ ಎಳೆದು ಬರೆದು ಎಲ್ಲರ ಕೈಲಿ ಉಗಿಸ್ಕೊಂಡ್ರು, ಆದ್ರೂ ಮೂರು ವರ್ಷಕ್ಕೆ ಪ್ರಧಾನಿ ಆದ್ರು ಅನ್ನೋದು ಬೇರೆ ಮಾತು.

ಈಚಿನ ಉದಾಹರಣೆ ಬೇಕು ಅಂದ್ರೆ ಕೆನಡಾ ನೋಡು. 2025ರ ಶುರುವಲ್ಲಿ ಅಲ್ಲಿ ಲಿಬರಲ್ ಪಾರ್ಟಿ ಸೋಲೋದು ಗ್ಯಾರಂಟಿ ಅಂತಿದ್ರು. ಟ್ರಂಪ್ ಬಂದು ಕೆನಡಾ ನಮ್ಮ 51ನೇ ರಾಜ್ಯ ಆಗ್ಲಿ ಅನ್ನೋಕೆ ಶುರು ಮಾಡಿದ್ರು, ಸುಂಕ ಹಾಕಿದ್ರು, ಏಪ್ರಿಲ್ 28ಕ್ಕೆ ಅದೇ ಲಿಬರಲ್ ಪಾರ್ಟಿ ಮಾರ್ಕ್ ಕಾರ್ನಿ ಕೈಲಿ ಗೆದ್ದು ಬಂತು, ಎದುರಾಳಿ ಪಾರ್ಟಿ ನಾಯಕ ಪೊಯ್ಲಿವರ್ ತನ್ನ ಸ್ವಂತ ಸೀಟೇ ಸೋತ. ವಾರ ಕಳೆಯೋದ್ರೊಳಗೆ ಆಸ್ಟ್ರೇಲಿಯಾದಲ್ಲೂ ಟ್ರಂಪ್ ಥರ ಮಾತಾಡ್ತಾನೆ ಅಂತ ಹೆಸರು ಬಿದ್ದಿದ್ದ ವಿರೋಧ ಪಕ್ಷದ ನಾಯಕ ಡಟನ್‌ಗೆ ಅದೇ ಗತಿ, ಸೀಟೂ ಹೋಯ್ತು. ಹೊರಗಿನವರ ಮಾತು ಓಟು ತಿರುಗಿಸಲ್ಲ ಅಂತ ನಾನು ಹೇಳ್ತಿಲ್ಲ, ತಿರುಗಿಸುತ್ತೆ, ಆದ್ರೆ ಬಹಳ ಸಲ ಉಲ್ಟಾ ತಿರುಗಿಸುತ್ತೆ.

ಬೆಮೆಲ್‌ನಗರ_ಮಚ್ಚಾ:

ಗುರೂ ನಮ್ಮ ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯವ್ರು ಚಿನ್ನ ತೆಗೆದು ಹಡಗಲ್ಲಿ ಕಳಿಸಿದ್ರು, ಆವಾಗ ಯಾವ ಟ್ರೇಡ್ ಡೀಲ್ ಇತ್ತು? 😀 ಈಗ ಬಂದು ವಿಸ್ಕಿ ಸುಂಕ ಇಳಿಸಿ ಅಂತಾವ್ರೆ. ಅಂದಂಗೆ ಸ್ಕಾಚ್ ರೇಟ್ ಅರ್ಧ ಆಗುತ್ತೆ ಅಂತ ವಾಟ್ಸಾಪಲ್ಲಿ ಬಂತು, ನಿಜಾನಾ? ಇದೊಂದು ಹೇಳ್ಬಿಡಿ, ಬೇರೆ ಏನೂ ಬೇಡ ನಂಗೆ.

ಪಾವಗಡ_ವಕೀಲ:

@ಬೆಮೆಲ್‌ನಗರ_ಮಚ್ಚಾ ಆಗಲ್ಲ ಕಣಣ್ಣ, ಆಸೆ ಇಟ್ಕೊಬೇಡ. ಇಳಿಯೋದು ಕಸ್ಟಮ್ಸ್ ಸುಂಕ ಮಾತ್ರ, 150 ಇದ್ದಿದ್ದು ಒಪ್ಪಂದ ಜಾರಿಗೆ ಬಂದಾಗ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ. ಅಂಗಡೀಲಿ ನೀನು ಕೊಡೋ ದುಡ್ಡಲ್ಲಿ ದೊಡ್ಡ ಭಾಗ ರಾಜ್ಯದ ಅಬಕಾರಿ ಸುಂಕ, ಅದಕ್ಕೂ ಲಂಡನ್‌ಗೂ ಸಂಬಂಧ ಇಲ್ಲ, ಅದು ವಿಧಾನಸೌಧದ ಲೆಕ್ಕ.

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಯಾಕಂದ್ರೆ ಹೊರಗಿನ ಲೀಡರ್ ಮಾತು ನಿಜವಾಗ್ಲೂ ನಡೆದಿರೋ ಒಂದು ಕಡೆನೂ ಐತೆ, ಐರ್ಲೆಂಡ್. ಉತ್ತರ ಐರ್ಲೆಂಡ್ ಬ್ರಿಟನ್ನಿಂದು, ದಕ್ಷಿಣದ್ದು ಬೇರೆ ದೇಶ, ಯುರೋಪಿಯನ್ ಯೂನಿಯನ್ ಮೆಂಬರ್. ಮಧ್ಯೆ ಸುಮಾರು 500 ಕಿಲೋಮೀಟರ್ ಬಾರ್ಡರ್. ಅಲ್ಲಿ ಮೂವತ್ತು ವರ್ಷ ಬಾಂಬು ಗುಂಡು ನಡೆದು 1998ರಲ್ಲಿ ಗುಡ್ ಫ್ರೈಡೇ ಒಪ್ಪಂದ ಆಯ್ತು, ಅದ್ರಲ್ಲಿ ಅಮೆರಿಕದ ಕೈ ದೊಡ್ಡದು. ಬ್ರೆಕ್ಸಿಟ್ ಆದ್ಮೇಲೆ ಆ ಬಾರ್ಡರಲ್ಲಿ ಚೆಕ್‌ಪೋಸ್ಟ್ ಬಂದ್ರೆ ಮತ್ತೆ ಬೆಂಕಿ ಹತ್ತುತ್ತೆ ಅನ್ನೋ ಭಯ. ಅದಕ್ಕೇ ಚೆಕಿಂಗ್ ಎಲ್ಲಾ ಸಮುದ್ರದ ಕಡೆ ಇಟ್ಕೊಳ್ಳೋಣ ಅಂತ ಜಾನ್ಸನ್ನೇ 2019ರಲ್ಲಿ ಒಪ್ಕೊಂಡು 2020ರ ಜನವರಿಲಿ ಸಹಿ ಮಾಡಿದ್ರು. 2020ರ ಸೆಪ್ಟೆಂಬರ್‌ನಲ್ಲಿ ಅದೇ ಸಹಿಗೆ ಉಲ್ಟಾ ಹೊಡೆಯೋ ಮಸೂದೆ ತಂದ್ರು, ಪಾರ್ಲಿಮೆಂಟಲ್ಲಿ ಅವ್ರ ಮಂತ್ರಿನೇ ಎದ್ದು ನಿಂತು ಹೌದು ಇದು ಅಂತರರಾಷ್ಟ್ರೀಯ ಕಾನೂನು ಮುರಿಯುತ್ತೆ, ಆದ್ರೆ ಸೀಮಿತವಾಗಿ ಅಷ್ಟೇ ಅಂತ ಹೇಳಿದ್ರು. ನಾನು ಕೋರ್ಟಲ್ಲಿ ನನ್ನ ಕಕ್ಷಿದಾರ ಸೀಮಿತವಾಗಿ ಕಳ್ಳತನ ಮಾಡಿದಾನೆ ಸ್ವಾಮಿ ಅಂದ್ರೆ ಜಡ್ಜು ಏನು ಮಾಡ್ತಾರೆ ನೀವೇ ಹೇಳಿ.

ಆಗ ಬೈಡನ್ ಇನ್ನೂ ಕ್ಯಾಂಡಿಡೇಟು, ಗುಡ್ ಫ್ರೈಡೇ ಒಪ್ಪಂದಕ್ಕೆ ಏಟು ಬಿದ್ರೆ ಅಮೆರಿಕ ಜೊತೆ ಟ್ರೇಡ್ ಡೀಲ್ ಇಲ್ಲ ಅಂತ ಟ್ವೀಟ್ ಹಾಕಿದ್ರು. ಸ್ಪೀಕರ್ ನ್ಯಾನ್ಸಿ ಪೆಲೋಸಿನೂ ಅದನ್ನೇ ಹೇಳಿದ್ರು. ನವೆಂಬರಲ್ಲಿ ಬೈಡನ್ ಗೆದ್ರು, ಡಿಸೆಂಬರಲ್ಲಿ ಬ್ರಿಟನ್ ಆ ಕಲಮುಗಳನ್ನ ಕೈಬಿಡ್ತು. ಯುರೋಪಿನವ್ರ ಒತ್ತಡನೂ ಇತ್ತು, ಬೈಡನ್ ಒಬ್ರಿಂದಲೇ ಅಂತಲ್ಲ. ಆದ್ರೆ ಒಬಾಮನ ಮಾತಿಗಿಂತ ಇದು ಯಾಕೆ ನಾಟ್ತು ಅಂದ್ರೆ, ಅಮೆರಿಕದಲ್ಲಿ ಟ್ರೇಡ್ ಒಪ್ಪಂದ ಪಾಸ್ ಮಾಡೋದು ಕಾಂಗ್ರೆಸ್ಸು, ಅಲ್ಲಿ ಟ್ರೇಡ್ ನೋಡ್ಕೊಳ್ಳೋ ವೇಸ್ ಅಂಡ್ ಮೀನ್ಸ್ ಕಮಿಟಿ ಅಧ್ಯಕ್ಷ ಆಗ ರಿಚರ್ಡ್ ನೀಲ್, ಐರಿಶ್ ಮೂಲದವ್ರು, ಐರ್ಲೆಂಡ್ ಪರ ಇರೋ ಸದಸ್ಯರ ಗುಂಪಿನ ಮುಂದಾಳೂ ಅವ್ರೇ. ಬೀಗದ ಕೈ ಅವ್ರ ಹತ್ರ ಇತ್ತು. ಒಬಾಮ 2016ರಲ್ಲಿ ಮಾತಾಡಿದ್ದು ಬ್ರಿಟನ್ ವೋಟರ್‌ಗೆ, ಬೈಡನ್ 2020ರಲ್ಲಿ ಮಾತಾಡಿದ್ದು ಬ್ರಿಟನ್ ಸರ್ಕಾರಕ್ಕೆ. ವೋಟರ್ ಸಿಟ್ಟಾಗ್ತಾನೆ, ಸರ್ಕಾರ ಲೆಕ್ಕ ಹಾಕುತ್ತೆ.

ತುಮಕೂರು_ಟು_ಬರ್ಮಿಂಗ್‌ಹ್ಯಾಮ್:

ನಾನು ತುಮಕೂರು ಕ್ಯಾತ್ಸಂದ್ರದವಳು, ಇಲ್ಲಿ ಆಸ್ಪತ್ರೆಲಿ ನರ್ಸ್. ವಕೀಲರು ಹೇಳಿದ್ದು ಸರಿ, ಆದ್ರೆ ಇಲ್ಲಿ ಒಳಗಿದ್ದು ನೋಡಿದವಳಾಗಿ ನಾನು ಹೇಳೋದು, ಅಮೆರಿಕ ಡೀಲ್ ನಿಂತಿದ್ದಕ್ಕೆ ಐರ್ಲೆಂಡ್ ಒಂದೇ ಕಾರಣ ಅಲ್ಲ, ಕೋಳಿ ಮತ್ತೆ ಎನ್‌ಎಚ್‌ಎಸ್ ಕೂಡ.

ಕೋಳಿ ವಿಷ್ಯ ಏನಂದ್ರೆ, ಅಮೆರಿಕದಲ್ಲಿ ಕೋಳಿ ಮಾಂಸನ ಕ್ರಿಮಿ ಸಾಯ್ಲಿ ಅಂತ ಕ್ಲೋರಿನ್ ಥರದ ನೀರಲ್ಲಿ ತೊಳೆಯೋದಕ್ಕೆ ಅನುಮತಿ ಇದೆ, ದನಕ್ಕೆ ಬೆಳವಣಿಗೆ ಹಾರ್ಮೋನ್ ಕೊಡೋದಕ್ಕೂ ಇದೆ, ಯುರೋಪಲ್ಲಿ ಎರಡೂ ಬ್ಯಾನ್. ಬ್ರೆಕ್ಸಿಟ್ ಆದ್ಮೇಲೂ ಇಲ್ಲಿ ಯಾವ ಸರ್ಕಾರಕ್ಕೂ ಅದನ್ನ ಒಳಗೆ ಬಿಡೋ ಧೈರ್ಯ ಬರ್ಲಿಲ್ಲ, ಇಲ್ಲಿನ ರೈತರು, ಪೇಪರ್‌ನವ್ರು, ತಿನ್ನೋ ಜನ ಎಲ್ರೂ ಒಟ್ಟಿಗೆ ತಿರುಗಿಬಿದ್ರು. ಅಮೆರಿಕದವ್ರಿಗೆ ಕೃಷಿ ಬಾಗಿಲು ತೆಗೀದೆ ಡೀಲ್ ಬೇಡ. ಅಲ್ಲಿಗೆ ಕಥೆ ಮುಗೀತು.

ಎನ್‌ಎಚ್‌ಎಸ್ ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ, ದುಡ್ಡಿಲ್ಲದೆ ಟ್ರೀಟ್‌ಮೆಂಟ್, ಅದನ್ನ ಇಲ್ಲಿನ ಜನ ದೇವ್ರು ಥರ ನೋಡ್ತಾರೆ. 2019ರ ಜೂನಲ್ಲಿ ಟ್ರಂಪ್ ಸ್ಟೇಟ್ ವಿಸಿಟ್‌ಗೆ ಬಂದು ಟ್ರೇಡ್ ಮಾತುಕತೆ ಅಂದ್ಮೇಲೆ ಎನ್‌ಎಚ್‌ಎಸ್ ಸೇರಿ ಎಲ್ಲಾನೂ ಟೇಬಲ್ ಮೇಲಿರುತ್ತೆ ಅಂತ ಹೇಳಿಬಿಟ್ರು. ಪಾಪ ಪಕ್ಕದಲ್ಲಿದ್ದ ಆಗಿನ ಪ್ರಧಾನಿ ಥೆರೆಸಾ ಮೇ ಮುಖ ನೋಡ್ಬೇಕಿತ್ತು. ಮಾರನೇ ದಿನ ಟ್ರಂಪ್ ಹಂಗಲ್ಲ ಹಿಂಗೆ ಅಂತ ವಾಪಸ್ ತಗೊಂಡ್ರು, ಆದ್ರೆ ಆ ವರ್ಷದ ನವೆಂಬರಲ್ಲಿ ಲೇಬರ್ ಪಾರ್ಟಿಯ ಕಾರ್ಬಿನ್ ಅಮೆರಿಕ ಜೊತೆ ನಡೆದಿದ್ದ ಗುಟ್ಟಿನ ಮಾತುಕತೆ ಕಾಗದ 451 ಪುಟ ಎತ್ಕೊಂಡು ಬಂದು ಪ್ರೆಸ್ ಮುಂದೆ ಇಟ್ರು, ಎನ್‌ಎಚ್‌ಎಸ್ ಮಾರಾಟಕ್ಕಿದೆ ನೋಡಿ ಅಂತ. ಆಗ ಏನಾಯ್ತು ಗೊತ್ತಾ? ಟ್ರಂಪ್‌ಗೆ ತುಂಬಾ ಬೇಕಾದವ್ರು ಅಂತ ಹೆಸರಾಗಿದ್ದ ಜಾನ್ಸನ್ನೇ ರೇಡಿಯೋದಲ್ಲಿ ಫ್ರೆಂಡ್ಸ್ ಒಬ್ರ ಎಲೆಕ್ಷನ್ನಲ್ಲಿ ಇನ್ನೊಬ್ರು ತಲೆ ಹಾಕ್ದೇ ಇದ್ರೆ ಒಳ್ಳೇದು ಅನ್ನೋ ಅರ್ಥದ ಮಾತಾಡಿದ್ರು. ಡಿಸೆಂಬರ್ ಮೊದಲ ವಾರ ಟ್ರಂಪ್ ನ್ಯಾಟೋ ಮೀಟಿಂಗ್‌ಗೆ ಲಂಡನ್‌ಗೆ ಬಂದ್ರು, ಎನ್‌ಎಚ್‌ಎಸ್ ಬೆಳ್ಳಿ ತಟ್ಟೇಲಿಟ್ಟು ಕೊಟ್ರೂ ನಂಗೆ ಬೇಡ ಅಂದ್ರು, ಬಾಯಿ ಬಿಗಿಹಿಡಿದು ವಾಪಸ್ ಹೋದ್ರು. ಜಾನ್ಸನ್ 80 ಸೀಟ್ ಮೆಜಾರಿಟಿಲಿ ಗೆದ್ರು. ಗೆಳೆಯ ಸುಮ್ನಿದ್ದಿದ್ದೇ ಆವತ್ತು ದೊಡ್ಡ ಸಹಾಯ. ನಿಮ್ ರೂಮ್‌ಮೇಟ್‌ಗೆ ಇದನ್ನ ಹೇಳಿ.

ಚಿಂತಾಮಣಿ_ಮಂಡಿ:

ಎಲ್ರೂ ಆ ಹುಡುಗನ ರೂಮ್‌ಮೇಟ್ ಮೇಲೇ ಬಿದ್ದವ್ರೆ, ನಾನು ಸ್ವಲ್ಪ ಅವನ ಕಡೆ ಮಾತಾಡ್ತೀನಿ. ವ್ಯಾಪಾರ ಮಾಡೋ ನಮಗೆ ಗೊತ್ತು, ಇಬ್ರು ಮುಖಾಮುಖಿ ಕೂತ್ರೆ ಆಗೋ ಕೆಲಸ ಗುಮಾಸ್ತರು ವರ್ಷಗಟ್ಟಲೆ ಬರೆದ್ರೂ ಆಗಲ್ಲ. 2019ರ ಅಕ್ಟೋಬರ್ 10ಕ್ಕೆ ಜಾನ್ಸನ್ನೂ ಐರ್ಲೆಂಡ್ ಪ್ರಧಾನಿ ವರಾಡ್ಕರೂ ಇಂಗ್ಲೆಂಡಿನ ವಿರಲ್ ಅನ್ನೋ ಕಡೆ ಒಂದು ಬಂಗ್ಲೆ ತೋಟದಲ್ಲಿ ಇಬ್ರೇ ಓಡಾಡ್ಕೊಂಡು ಮಾತಾಡಿದ್ರು, ಒಂದು ವಾರದಲ್ಲಿ ಬ್ರೆಕ್ಸಿಟ್ ಒಪ್ಪಂದ ಹೊರಗೆ ಬಂತು. ವಕೀಲ್ರು ಹೇಳಿದ ಆ ಸಮುದ್ರದ ಬಾರ್ಡರ್ ಹುಟ್ಟಿದ್ದೇ ಅಲ್ಲಿ. ಅದಕ್ಕೆ ಮುಂಚೆ ಥೆರೆಸಾ ಮೇ ತಂದ ಒಪ್ಪಂದನ ಅವ್ರ ಪಾರ್ಲಿಮೆಂಟು ಮೂರು ಸಲ ತಳ್ಳಿತ್ತು.

ಇನ್ನೊಂದು, 2025ರ ಫೆಬ್ರವರಿಲಿ ಬ್ರಿಟನ್ ಪ್ರಧಾನಿ ಸ್ಟಾರ್ಮರ್ ವೈಟ್‌ಹೌಸ್‌ಗೆ ಹೋಗಿ ಜೇಬಿಂದ ಕಿಂಗ್ ಚಾರ್ಲ್ಸ್ ಲೆಟರ್ ತೆಗೆದು ಟ್ರಂಪ್ ಕೈಗೆ ಕೊಟ್ರು, ಎರಡನೇ ಸಲ ರಾಜಮರ್ಯಾದೆ ಆಮಂತ್ರಣ. ಮೇ 8ಕ್ಕೆ ಡೀಲ್ ಆಯ್ತು. ದೊಡ್ಡ ದೇಶಗಳ ಪೈಕಿ ಮೊದಲು ಮಾಡ್ಕೊಂಡಿದ್ದು ಅವ್ರೇ. ಮರ್ಯಾದೆ ಕೊಟ್ಟು ಕೆಲಸ ಮಾಡಿಸ್ಕೊಳ್ಳೋದು ಅಂದ್ರೆ ಇದು. ಇದಕ್ಕೇನಂತೀರಿ?

ಪಾವಗಡ_ವಕೀಲ:

@ಚಿಂತಾಮಣಿ_ಮಂಡಿ ಒಪ್ತೀನಿ, ಮುಖ ನೋಡಿ ಮಾತಾಡೋದಕ್ಕೆ ಬೆಲೆ ಐತೆ. ಆದ್ರೆ ಆ ಮೇ 8ರ ಡೀಲ್ ಒಳಗಡೆ ಏನೈತೆ ನೋಡಿ. ಹತ್ತು ಪರ್ಸೆಂಟ್ ಬೇಸ್ ಸುಂಕ ಹಂಗೇ ಉಳೀತು, ಮುಂಚೆ ಅದು ಇರ್ಲೇ ಇಲ್ಲ. ಕಾರಿಗೆ ವರ್ಷಕ್ಕೆ ಒಂದು ಲಕ್ಷದವರೆಗೆ 10 ಪರ್ಸೆಂಟ್, ಮೇಲೆ ಹೋದ್ರೆ ಜಾಸ್ತಿ. ಗೋಮಾಂಸ ಎರಡೂ ಕಡೆಗೂ 13,000 ಟನ್ ಕೋಟಾ. ಕ್ಲೋರಿನ್ ಕೋಳಿ, ಹಾರ್ಮೋನ್ ದನ ಒಳಗೆ ಬರಲ್ಲ ಅಂತ ಸ್ಟಾರ್ಮರ್ ಸರ್ಕಾರ ಹೇಳ್ತು. ಅಂದ್ರೆ ರಾಜನ ಲೆಟರ್ ಕೊಟ್ಟಿದ್ದಕ್ಕೆ ಸಿಕ್ಕಿದ್ದು ಹೊಸದಾಗಿ ಬಿದ್ದ ಏಟಲ್ಲಿ ಸ್ವಲ್ಪ ರಿಯಾಯ್ತಿ. ಇದು ಪೂರ್ತಿ ಟ್ರೇಡ್ ಒಪ್ಪಂದ ಅಲ್ವೇ ಅಲ್ಲ. ಬ್ರಿಟನ್ ರಫ್ತಲ್ಲಿ ಸುಮಾರು 40 ಪರ್ಸೆಂಟ್ ಇವತ್ತಿಗೂ ಹೋಗೋದು ಪಕ್ಕದ ಯುರೋಪಿಯನ್ ಯೂನಿಯನ್‌ಗೇ, ಬಿಟ್ಟು ಬಂದ ಮನೆಗೇ.

ಗೌರಿಬಿದನೂರು_ಹುಡುಗ:

ಎಲ್ರಿಗೂ ಥ್ಯಾಂಕ್ಸ್, ರೂಮ್‌ಮೇಟ್ ಪಕ್ಕದಲ್ಲೇ ಕೂತು ಓದ್ತಿದಾನೆ, ಚಿಂತಾಮಣಿ ಅಣ್ಣನ ಮೆಸೇಜ್ ಬಂದಾಗ ಎದ್ದು ಕುಣಿದ. ಈಗ ಅವನು ಕೇಳ್ತಿರೋದು ನಮ್ಮ ಕಡೆ ವಿಷ್ಯ. 2019ರಲ್ಲಿ ಹ್ಯೂಸ್ಟನ್ನಲ್ಲಿ ಹೌಡಿ ಮೋದಿ, 2020ರಲ್ಲಿ ಅಹಮದಾಬಾದಲ್ಲಿ ನಮಸ್ತೇ ಟ್ರಂಪ್, ಅಷ್ಟು ದೋಸ್ತಿ ಇದ್ದೂ 2025ರ ಆಗಸ್ಟಲ್ಲಿ ನಮ್ಮ ಮೇಲೆ 50 ಪರ್ಸೆಂಟ್ ಸುಂಕ ಹೆಂಗೆ ಬಿತ್ತು? ಮತ್ತೆ ಸುನಕ್ ವಿಷ್ಯಕ್ಕೆ ಇನ್ನೂ ಯಾರೂ ಉತ್ರ ಕೊಟ್ಟಿಲ್ಲ.

ಶಿಡ್ಲಘಟ್ಟ_ರೀಲರ್:

ಅಳಿಯಂದ್ರ ವಿಷ್ಯ ನಾನು ಹೇಳ್ಬೇಕು, ನಮ್ಮೂರೋನು ಅಂತ ಪಟಾಕಿ ಹೊಡೆದೋರ ಪೈಕಿ ನಾನೂ ಇದ್ದೆ.

ಮಾತುಕತೆ ಶುರುವಾಗಿದ್ದು ಸುನಕ್ ಬರೋಕೆ ಮುಂಚೆ, 2022ರ ಜನವರಿಲಿ. ಏಪ್ರಿಲಲ್ಲಿ ಜಾನ್ಸನ್ ಇಂಡಿಯಾಗೆ ಬಂದು ದೀಪಾವಳಿಗೆ ಮುಗಿಸ್ತೀವಿ ಅಂದ್ರು. ದೀಪಾವಳಿ ಬರೋ ಹೊತ್ತಿಗೆ ಜಾನ್ಸನ್ನೂ ಇಲ್ಲ, ಅವ್ರಾದ್ಮೇಲೆ ಬಂದ ಲಿಜ್ ಟ್ರಸ್ಸೂ ರಾಜೀನಾಮೆ ಕೊಟ್ಟಾಗಿತ್ತು. ಮಧ್ಯದಲ್ಲಿ ಅವ್ರ ಹೋಮ್ ಮಿನಿಸ್ಟ್ರು ಸುಯೆಲ್ಲಾ ಬ್ರೇವರ್‌ಮನ್, ಅವ್ರ ಅಪ್ಪ ಅಮ್ಮನೂ ಇಂಡಿಯಾ ಮೂಲದವ್ರೇ, ವೀಸಾ ಮುಗಿದ್ರೂ ವಾಪಸ್ ಹೋಗ್ದೇ ಉಳ್ಕೊಳ್ಳೋರಲ್ಲಿ ಇಂಡಿಯಾದೋರೇ ಜಾಸ್ತಿ, ಈ ಡೀಲ್‌ನಿಂದ ಇನ್ನೂ ಜನ ಬಂದುಬಿಡ್ತಾರೆ ಅನ್ನೋ ಥರ ಮಾತಾಡಿ ಎಲ್ಲಾ ಕೆಡಿಸಿದ್ರು. ಬ್ರೆಕ್ಸಿಟ್‌ಗೆ ಓಟು ಬಿದ್ದಿದ್ದೇ ಹೊರಗಿನ ಜನ ಬರೋದು ನಿಲ್ಲಿಸಿ ಅಂತ, ನಾವು ಕೇಳೋದು ನಮ್ಮ ಜನಕ್ಕೆ ವೀಸಾ ಕೊಡಿ ಅಂತ, ಎರಡೂ ಎಲ್ಲಿ ಕೂಡುತ್ತೆ? 2016ರ ನವೆಂಬರಲ್ಲಿ ಥೆರೆಸಾ ಮೇ ಡೆಲ್ಲಿಗೆ ಬಂದಾಗ್ಲೂ ಗಂಟು ಬಿದ್ದಿದ್ದು ಇಲ್ಲೇ. ಓದೋ ಹುಡುಗ್ರಿಗೆ ಓದು ಮುಗಿದ್ಮೇಲೆ ಎರಡು ವರ್ಷ ಕೆಲಸ ಮಾಡೋಕೆ ಇದ್ದ ವೀಸಾನ 2012ರಲ್ಲಿ ತೆಗೆದಿದ್ದು ಇದೇ ಮೇ ಮೇಡಂ ಹೋಮ್ ಮಿನಿಸ್ಟ್ರಾಗಿದ್ದಾಗ.

ಸುನಕ್ ಬಂದ್ಮೇಲೆ ಸುಲಭ ಆಗ್ಬೇಕಿತ್ತು ಅಂತ ನಮ್ಗೆಲ್ಲಾ ಅನಿಸ್ತು, ಅಲ್ಲಿ ನೋಡಿದ್ರೆ ಇನ್ನೂ ಕಷ್ಟ ಆಯ್ತು. ಹೆಂಡ್ತಿ ಅಕ್ಷತಾ ಹೆಸರಲ್ಲಿ ಇನ್ಫೋಸಿಸ್ ಷೇರು ಐತೆ, ಇಂಡಿಯಾ ಐಟಿ ಕಂಪನಿಗಳಿಗೆ ಲಾಭ ಆಗೋ ಡೀಲ್‌ಗೆ ಇವ್ರು ಸಹಿ ಹಾಕ್ಬೋದಾ ಅಂತ ಅಲ್ಲಿನ ವಿರೋಧ ಪಕ್ಷದೋರು, ಪೇಪರ್‌ನೋರು ಕೇಳೋಕೆ ಶುರು ಮಾಡಿದ್ರು. ಅಕ್ಷತಾ ಅವ್ರ ಟ್ಯಾಕ್ಸ್ ವಿಷ್ಯ 2022ರ ಏಪ್ರಿಲಲ್ಲೇ ದೊಡ್ಡ ಗಲಾಟೆ ಆಗಿತ್ತಲ್ಲ. ಮಾವನ ಮನೆ ಕಡೆ ಒಲಿದ್ರು ಅನ್ನೋ ಮಾತು ಬರ್ಬಾರ್ದು ಅಂತ ಯಾವ ಅಳಿಯನೂ ಒಂದು ಹೆಜ್ಜೆ ಹಿಂದೇ ಇಡ್ತಾನೆ. ಆಮೇಲೆ 2024ರಲ್ಲಿ ಎರಡೂ ಕಡೆ ಎಲೆಕ್ಷನ್ ಬಂತು, ಮಾತುಕತೆ ನಿಂತ್ಕೊಂಡ್ತು. ಜುಲೈ 4ಕ್ಕೆ ಸುನಕ್ ಸೋತ್ರು. 2025ರ ಮೇ 6ಕ್ಕೆ ಸ್ಟಾರ್ಮರ್ ಕಾಲದಲ್ಲಿ ಮಾತುಕತೆ ಮುಗೀತು, ಜುಲೈ 24ಕ್ಕೆ ಸಹಿ. ಅದು ಸ್ಪೀಡಾಗಿ ಮುಗಿದಿದ್ದಕ್ಕೆ ಒಂದು ಕಾರಣ ಟ್ರಂಪೇ ಅನ್ಸುತ್ತೆ ನಂಗೆ, ಏಪ್ರಿಲಲ್ಲಿ ಎಲ್ರ ಮೇಲೂ ಸುಂಕ ಹಾಕಿದ್ಮೇಲೆ ಎಲ್ರೂ ಬೇರೆ ಗಿರಾಕಿ ಹುಡ್ಕೋಕೆ ಶುರು ಮಾಡಿದ್ರು.

ಇದ್ರಿಂದ ನಮ್ಗೇನು ಅಂದ್ರೆ, ಗಾರ್ಮೆಂಟ್ಸ್‌ಗೆ ಒಳ್ಳೇದು. ಬಾಂಗ್ಲಾದೇಶದ ಬಟ್ಟೆ ಬ್ರಿಟನ್‌ಗೆ ಸುಂಕ ಇಲ್ದೆ ಹೋಗ್ತಿತ್ತು, ನಮ್ದಕ್ಕೆ 12 ಪರ್ಸೆಂಟ್‌ವರೆಗೆ ಬೀಳ್ತಿತ್ತು, ಅದು ಸೊನ್ನೆ ಆಗುತ್ತೆ. ಬೆಳಗ್ಗೆ ಐದೂವರೆಗೆ ಫ್ಯಾಕ್ಟ್ರಿ ಬಸ್ ಹತ್ತೋ ಹೆಣ್ಮಕ್ಕಳ ಸಂಬಳಕ್ಕೆ ಎಷ್ಟು ಬರುತ್ತೋ ನೋಡ್ಬೇಕು. ರೇಷ್ಮೆಗೆ ಮಾತ್ರ ಲಂಡನ್ನಿಗಿಂತ ಡೆಲ್ಲಿನೇ ಭಯ. 2011ರ ಬಜೆಟಲ್ಲಿ ಚೀನಾ ಕಚ್ಚಾ ರೇಷ್ಮೆ ಸುಂಕ 30ರಿಂದ 5ಕ್ಕೆ ಇಳಿಸಿಬಿಟ್ರಲ್ಲ, ಗೂಡಿನ ಮಾರ್ಕೆಟ್ಟಲ್ಲಿ ರೈತ್ರು ಅತ್ತಿದ್ದು ನಾನು ನೋಡಿದೀನಿ. ಯಾವ ಫಾರಿನ್ ಲೀಡರೂ ಹೇಳಿರ್ಲಿಲ್ಲ ಅದನ್ನ.

ಮುಳಬಾಗಿಲು_ಡೈರಿ:

ರೀಲರ್ ಅಣ್ಣ ಕರೆಕ್ಟಾಗಿ ಹೇಳಿದ್ರು. ಡೀಲ್‌ನ ಕಟ್ಟೋದೂ ಮುರಿಯೋದೂ ಒಳಗಿನ ಜನ. ಹಾಲಿನ ಕಥೆ ಕೇಳಿ. ಆರ್‌ಸಿಇಪಿ ಅಂತ ಏಷ್ಯಾದ ದೊಡ್ಡ ಒಪ್ಪಂದ, ಅದ್ರಲ್ಲಿ ನ್ಯೂಜಿಲೆಂಡ್, ಆಸ್ಟ್ರೇಲಿಯಾ ಇದ್ವು. ಅವ್ರ ಹಾಲಿನ ಪುಡಿ ಸುಂಕ ಇಲ್ದೆ ಬಂದ್ರೆ ಕೋಚಿಮುಲ್‌ಗೆ ಹಾಲು ಹಾಕೋ ನಮ್ಮಂಥೋರು ಎರಡು ಹಸು ಇಟ್ಕೊಂಡು ಎಲ್ಲಿಗೆ ಹೋಗೋದು? ಪ್ರತಿ ಊರಲ್ಲೂ ಡೈರಿ ಹತ್ರ ಅದೇ ಮಾತಾಗಿತ್ತು ಆವಾಗ. ಏಳು ವರ್ಷ ಮಾತುಕತೆ ಆಡಿ 2019ರ ನವೆಂಬರ್ 4ಕ್ಕೆ ಬ್ಯಾಂಕಾಕಲ್ಲಿ ಪ್ರಧಾನಿ ಮೋದಿ ನಾವು ಸೇರಲ್ಲ ಅಂದ್ರು. ಅಲ್ಲಿದ್ದ ಲೀಡರ್‌ಗಳೆಲ್ಲಾ ಬನ್ನಿ ಬನ್ನಿ ಅಂತಲೇ ಇದ್ರು, ಹಂಗಂತ ಸೇರ್ಲಿಲ್ಲ. ಬ್ರಿಟನ್ ಡೀಲಲ್ಲೂ ಹಾಲು, ಚೀಸು, ಸೇಬು ಹೊರಗೇ ಇಟ್ಟವ್ರೆ.

ಬರೀ ನಾವೇ ಹಿಂಗೆ ಅಂತ ಅನ್ಕೊಬೇಡಿ. ಬ್ರಿಟನ್ನೂ ಕೆನಡಾನೂ ಒಂದೇ ರಾಜನ ಕೆಳಗಿರೋ ದೇಶಗಳು, ಎಷ್ಟು ಹತ್ತಿರ ನೋಡಿ, 2024ರ ಜನವರಿಲಿ ಅವ್ರ ಟ್ರೇಡ್ ಮಾತುಕತೆ ನಿಂತೋಯ್ತು. ಯಾವುದಕ್ಕೆ? ಬ್ರಿಟನ್ ಚೀಸ್‌ಗೆ ಕೆನಡಾ ಸುಂಕ, ಕೆನಡಾದ ಹಾರ್ಮೋನ್ ಗೋಮಾಂಸ ಬ್ರಿಟನ್‌ಗೆ ಬೇಡ. ಎರಡೂ ಕಡೆ ದನ ಕಟ್ಟೋರೇ. ಆಸ್ಟ್ರೇಲಿಯಾ ಜೊತೆ ಮಾತ್ರ 2021ರಲ್ಲಿ ಬ್ರಿಟನ್ ಅವಸರವಾಗಿ ಸಹಿ ಹಾಕ್ತು, ಬ್ರೆಕ್ಸಿಟ್ ಆಯ್ತು ನೋಡಿ ಡೀಲ್ ತಂದ್ವಿ ಅಂತ ಮನೇಲಿ ತೋರಿಸ್ಬೇಕಿತ್ತಲ್ಲ. ಮುಂದಿನ ವರ್ಷ ಅವ್ರದೇ ಹಳೇ ಕೃಷಿ ಮಂತ್ರಿ ಜಾರ್ಜ್ ಯೂಸ್ಟಿಸ್ ಪಾರ್ಲಿಮೆಂಟಲ್ಲಿ ಎದ್ದು ಅದು ನಮ್ಗೆ ಅಷ್ಟೇನೂ ಒಳ್ಳೆ ಡೀಲ್ ಆಗಿರ್ಲಿಲ್ಲ ಅಂದ್ರು. ಅವಸರದಲ್ಲಿರೋನು ಸಂತೇಲಿ ಹಸು ಮಾರಿದ್ರೆ ರೇಟ್ ಯಾರ ಕೈಲಿರುತ್ತೆ ಅಂತ ನಾನು ಬಿಡಿಸಿ ಹೇಳ್ಬೇಕಾ.

ಮಾಲೂರು_ಮೇಷ್ಟ್ರು:

ಆ 50 ಪರ್ಸೆಂಟ್ ಪ್ರಶ್ನೆಗೆ ಚಿಕ್ಕದಾಗಿ. ಮೊದಲ 25 ವ್ಯಾಪಾರದ ಹೆಸರಲ್ಲಿ, ಆಮೇಲಿನ 25 ರಷ್ಯಾ ಎಣ್ಣೆ ತಗೋತೀರಿ ಅನ್ನೋ ಹೆಸರಲ್ಲಿ, ಎರಡನೇದು ಆಗಸ್ಟ್ 27ರಿಂದ. ನಾವು ಕೃಷಿ, ಹೈನುಗಾರಿಕೆ ಬಾಗಿಲು ತೆಗೀಲಿಲ್ಲ ಅನ್ನೋದು ಮಾತುಕತೆ ಸಿಕ್ಕಿಹಾಕಿಕೊಂಡ ಜಾಗಗಳಲ್ಲಿ ಒಂದು, ಮುಳಬಾಗಿಲಿನವರು ಹೇಳಿದ ಅದೇ ಹಾಲು. ಹ್ಯೂಸ್ಟನ್ ಸಭೆಗೆ ಬಂದಿದ್ದ ಜನ ಅಮೆರಿಕದಲ್ಲಿರೋ ನಮ್ಮವರು, ಟ್ರಂಪ್ ಓಟು ಬ್ಯಾಂಕು ಬೇರೆ ಕಡೆ ಇದೆ. ಹ್ಯೂಸ್ಟನ್ನಲ್ಲಿ ಅಬ್ ಕೀ ಬಾರ್ ಟ್ರಂಪ್ ಸರ್ಕಾರ್ ಅನ್ನೋ ಮಾತು ಬಂದು ಹೋದ ಮೇಲೆ 2020ರಲ್ಲಿ ಗೆದ್ದಿದ್ದು ಬೈಡನ್, ಅದನ್ನೂ ನಿನ್ನ ರೂಮ್‌ಮೇಟ್‌ಗೆ ನೆನಪಿಸು.

ನಮ್ಮಲ್ಲಿ ಹೊರಗಿನವರು ಮಾತಾಡಿದಾಗ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಡೆಲ್ಲಿ ರೈತ ಹೋರಾಟದ ಬಗ್ಗೆ 2020ರಲ್ಲಿ ಆಗಿನ ಕೆನಡಾ ಪ್ರಧಾನಿ ಟ್ರೂಡೊ ಮಾತಾಡಿದ್ರು, ನಮ್ಮ ಸರ್ಕಾರ ಕೆನಡಾ ಹೈಕಮಿಷನರ್‌ನ ಕರೆಸಿ ಛೀಮಾರಿ ಹಾಕ್ತು. 2021ರ ಮಾರ್ಚಲ್ಲಿ ಬ್ರಿಟನ್ ಎಂಪಿಗಳು ಚರ್ಚೆ ಮಾಡಿದ್ರು, ಅವರ ಹೈಕಮಿಷನರ್‌ಗೂ ಅದೇ. ಸರ್ಕಾರ ಕೃಷಿ ಕಾಯ್ದೆ ವಾಪಸ್ ತಗೊಂಡಿದ್ದು ಆ ವರ್ಷದ ನವೆಂಬರ್‌ನಲ್ಲಿ, ಪಂಜಾಬ್, ಯುಪಿ ಎಲೆಕ್ಷನ್‌ಗೆ ಕೆಲವೇ ತಿಂಗಳಿದ್ದಾಗ.

ಗೌರಿಬಿದನೂರು_ಹುಡುಗ:

ಸೂಪರ್ ಸರ್, ನೋಟ್ಸ್ ಮಾಡ್ಕೊಂಡೆ. @ತುಮಕೂರು_ಟು_ಬರ್ಮಿಂಗ್‌ಹ್ಯಾಮ್ ಅಕ್ಕಾ, ಕೊನೇದಾಗಿ ಒಂದು. ಆ ಡೀಲಲ್ಲಿ ಮೂರು ವರ್ಷ ಅಲ್ಲಿನ ಸೋಶಿಯಲ್ ಸೆಕ್ಯೂರಿಟಿ ಕಟ್ಟೋ ಹಂಗಿಲ್ಲ ಅಂತ ಬಂದಿದೆಯಲ್ಲ, ನಿಮ್ಗೂ ಅನ್ವಯ ಆಗುತ್ತಾ? ನಮ್ಮ ಅಣ್ಣನ ಮಗಳು ಅಲ್ಲಿಗೆ ಓದೋಕೆ ಹೋಗ್ತೀನಿ ಅಂತಿದಾಳೆ.

ತುಮಕೂರು_ಟು_ಬರ್ಮಿಂಗ್‌ಹ್ಯಾಮ್:

ಇಲ್ಲಪ್ಪಾ, ನಮ್ಗೆ ಇಲ್ಲ. ಅದು ಇಂಡಿಯಾ ಕಂಪನಿ ತನ್ನ ಕೆಲಸಗಾರರನ್ನ ಸ್ವಲ್ಪ ಕಾಲಕ್ಕೆ ಅಂತ ಇಲ್ಲಿಗೆ ಕಳಿಸಿದ್ರೆ ಮಾತ್ರ, ಅವ್ರು ಊರಲ್ಲಿ ಪಿಎಫ್ ಕಟ್ಕೊಂಡಿದ್ರೆ ಸಾಕು, ಮೂರು ವರ್ಷದವರೆಗೆ ಇಲ್ಲಿನ ನ್ಯಾಷನಲ್ ಇನ್ಶೂರೆನ್ಸ್ ಕಟ್ಬೇಕಿಲ್ಲ. ಇಲ್ಲಿಂದ ಹೋಗೋ ಬ್ರಿಟಿಷರಿಗೂ ಅದೇ ರೂಲ್. ನಾವು ಇಲ್ಲಿನ ಆಸ್ಪತ್ರೆಗೇ ನೇರ ಸೇರಿದವ್ರು, ಎಲ್ರಂಗೇ ಕಟ್ತೀವಿ. ಆದ್ರೂ ಇಷ್ಟಕ್ಕೇ ಇಲ್ಲಿ ಟೋರಿಗಳು ಅಂದ್ರೆ ಸುನಕ್ ಅವ್ರ ಕನ್ಸರ್ವೇಟಿವ್ ಪಾರ್ಟಿಯವ್ರು, ಮತ್ತೆ ಬ್ರೆಕ್ಸಿಟ್ ಪರ ಓಡಾಡಿದ್ದ ಫರಾಜ್ ಪಾರ್ಟಿಯವ್ರು ಇಂಡಿಯಾದವ್ರಿಗೆ ಟ್ಯಾಕ್ಸ್ ಮಾಫಿ ಅಂತ ಬೊಬ್ಬೆ ಹೊಡೆದ್ರು. ಅದಕ್ಕೇ ಸ್ಟಾರ್ಮರ್ 2025ರ ಅಕ್ಟೋಬರಲ್ಲಿ ಮುಂಬೈಗೆ ಹೊರಟಾಗ್ಲೂ ವೀಸಾ ಮಾತಿಲ್ಲ ಅಂತ ಮೊದ್ಲೇ ಹೇಳಿ ಹೊರಟಿದ್ದು.

ಅಣ್ಣನ ಮಗಳಿಗೆ ಇದನ್ನ ಹೇಳು. ಓದು ಮುಗಿದ್ಮೇಲೆ ಉಳ್ಕೊಳ್ಳೋ ಗ್ರಾಜುಯೇಟ್ ವೀಸಾ ಈಗ ಎರಡು ವರ್ಷ, 2027ರ ಜನವರಿಯಿಂದ ಅರ್ಜಿ ಹಾಕೋರಿಗೆ ಒಂದೂವರೆ ವರ್ಷ, ಪಿಎಚ್‌ಡಿ ಮಾಡಿದವ್ರಿಗೆ ಮಾತ್ರ ಬೇರೆ. ಏಜೆಂಟು ಡೀಲ್ ಆಗಿದೆ ಮೇಡಂ ಇನ್ಮೇಲೆ ವೀಸಾ ಈಸಿ ಅಂದ್ರೆ ನಂಬ್ಬೇಡಿ, ಒಪ್ಪಂದದಲ್ಲಿ ಸ್ಟೂಡೆಂಟ್ ವೀಸಾಗೆ ಏನೂ ಕೊಟ್ಟಿಲ್ಲ. ಸಾಲ ತೆಗೆಯೋಕೆ ಮುಂಚೆ ಬ್ರಿಟನ್ ಸರ್ಕಾರದ ವೆಬ್‌ಸೈಟ್‌ನಲ್ಲೇ ಒಂದ್ಸಲ ನೋಡ್ಕೊಳ್ಳೋಕೆ ಹೇಳು, ಏನಾದ್ರೂ ಡೌಟ್ ಇದ್ರೆ ಇಲ್ಲೇ ಕೇಳ್ಲಿ, ನಂಗೆ ನೈಟ್ ಡ್ಯೂಟಿ ಇಲ್ದಾಗ ನೋಡಿ ರಿಪ್ಲೈ ಮಾಡ್ತೀನಿ.